ಭೂತ ಕಾಣಿಸದ ಭಯದ ಕಥೆ: 'ದಿ ವಿಲೋಸ್' ಓದುವವರಿಗೆ ಒಂದು ದಾರಿ

ಮಳೆ ಹಿಡಿದುಕೊಂಡಿತೆಂದರೆ ಮುಂಬಯಿ ಬಳಿಯ ನಮ್ಮ ಡೊಂಬಿವಲಿಯ ಓದುಬಳಗದಲ್ಲಿ ಹೆದರಿಕೆಯ ಕಥೆಗಳಿಗೆ ಬೇಡಿಕೆ ಏರುತ್ತದೆ. ಪ್ರತಿ ವರ್ಷ ಯಾರಾದರೊಬ್ಬರು ಇಂಗ್ಲೆಂಡಿನ ಲೇಖಕ ಆಲ್ಜರ್ನನ್ ಬ್ಲ್ಯಾಕ್‌ವುಡ್ ಬರೆದ 'ದಿ ವಿಲೋಸ್' ಹೆಸರೆತ್ತುತ್ತಾರೆ. ಮೂರು ನಾಲ್ಕು ಮಂದಿ ಓದಲು ಹಿಡಿಯುತ್ತಾರೆ. ಮುಂದಿನ ಭಾನುವಾರ ಅದೇ ದೂರು: "ಅರ್ಧ ಮುಗಿದರೂ ನದಿ, ಗಾಳಿ, ಪೊದೆ ಬಿಟ್ಟರೆ ಬೇರೇನೂ ಇಲ್ಲವಲ್ಲ, ಭೂತ ಯಾವಾಗ ಬರುತ್ತದೆ?" ಬಾಯಿಮಾತಿನಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿದೆ. ಆದ್ದರಿಂದ ಬರೆದೇ ಬಿಡುತ್ತಿದ್ದೇನೆ.

ಭೂತ ಬರುವುದಿಲ್ಲ. ಅದು ಬರಲೆಂದು ಪುಟ ಹಾರಿಸುತ್ತಾ ಹೋದರೆ ಕಥೆಯೇ ಕೈತಪ್ಪುತ್ತದೆ, ಏಕೆಂದರೆ ಹಾರಿಸಿದ ಆ ನದಿ, ಗಾಳಿ, ಪೊದೆಗಳಲ್ಲೇ ಅಂಜಿಕೆ ಇದೆ. ಶಿಕಾರಿ ಕಥೆಗಳನ್ನು ಓದಿ ಬೆಳೆದವರಿಗೆ ಇದು ಒಗ್ಗುವುದು ಕಷ್ಟ. ಅಲ್ಲಿ ಕಾಡು ಎಷ್ಟೇ ದಟ್ಟವಾಗಿರಲಿ, ಕೊನೆಗೊಂದು ಹುಲಿಯೋ ಚಿರತೆಯೋ ಪೊದೆಯಿಂದ ಹೊರಗೆ ಬಂದು ಲೆಕ್ಕ ಚುಕ್ತಾ ಮಾಡುತ್ತದೆ. ಇಲ್ಲಿ ಪೊದೆಯಿಂದ ಹೊರಗೆ ಬರುವವರು ಯಾರೂ ಇಲ್ಲ; ಪೊದೆಯೇ ಒಂದಿಷ್ಟು ಹತ್ತಿರ ಬಂದಂತೆ ಕಾಣುತ್ತದೆ, ಅಷ್ಟೆ.

ಬೇಕಾದದ್ದು ಹೆಚ್ಚಿಲ್ಲ: ಕತ್ತರಿಸದ ಪೂರ್ತಿ ಪಠ್ಯ, ಒಂದು ನಕ್ಷೆ, ಒಂದು ನೋಟ್‌ಪುಸ್ತಕ, ಪೆನ್ಸಿಲು, ಮತ್ತು ಬಿಡುವಿನ ಎರಡು ಸಂಜೆ. ಕಥೆಯ ಮುಕ್ಕಾಲು ಪಾಲಿನವರೆಗೆ ನಡೆಯುವ ಕೆಲವು ಸಂಗತಿಗಳನ್ನು ಮುಂದೆ ಹೇಳಲಿದ್ದೇನೆ. ಕೊನೆಯ ಪುಟಗಳ ಬಗ್ಗೆ ಮಾತ್ರ ಒಂದಕ್ಷರವನ್ನೂ ಹೇಳುವುದಿಲ್ಲ.

1. ಪೂರ್ತಿ ಪಠ್ಯವನ್ನೇ ಹುಡುಕಿಕೊಳ್ಳಿ

ಈ ಕಥೆ 1907ರಲ್ಲಿ 'ದಿ ಲಿಸನರ್ ಅಂಡ್ ಅದರ್ ಸ್ಟೋರೀಸ್' ಎಂಬ ಸಂಕಲನದಲ್ಲಿ ಬಂತು. ಬ್ಲ್ಯಾಕ್‌ವುಡ್ ತೀರಿಕೊಂಡದ್ದು 1951ರ ಡಿಸೆಂಬರಿನಲ್ಲಿ. ನಮ್ಮ ದೇಶದ ಕಾನೂನಿನಂತೆ ಲೇಖಕ ಸತ್ತ ವರ್ಷ ಮುಗಿದ ಮೇಲೆ 60 ವರ್ಷ ಕೃತಿಸ್ವಾಮ್ಯ ಇರುತ್ತದೆ. ಆ ಲೆಕ್ಕದಲ್ಲಿ 2012ರ ಆರಂಭದಿಂದಲೇ ಇದು ಎಲ್ಲರ ಸೊತ್ತು. ಪ್ರಾಜೆಕ್ಟ್ ಗುಟನ್‌ಬರ್ಗ್ ತಾಣದಲ್ಲಿ ಇಂಗ್ಲಿಷ್ ಮೂಲ ಉಚಿತವಾಗಿ ಸಿಗುತ್ತದೆ. ಕಣ್ಣಿಗೆ ತೊಂದರೆ ಇರುವವರಿಗೆ ಲಿಬ್ರಿವಾಕ್ಸ್‌ನಲ್ಲಿ ಓದಿ ಮುದ್ರಿಸಿದ ಧ್ವನಿಯೂ ಇದೆ. ಇದಕ್ಕಾಗಿ ಯಾರೂ ಹಣ ಕೊಡಬೇಕಾಗಿಲ್ಲ.

ಎಡವುವುದು ಬೇರೆ ಕಡೆ. ಹಳೆಯ ಪುಸ್ತಕಗಳ ರಾಶಿಯಲ್ಲಿ ಸಿಗುವ 'ಹೆದರಿಕೆಯ ಹತ್ತು ಕಥೆಗಳು' ಮಾದರಿಯ ಸಂಕಲನಗಳಲ್ಲಿ ಕಥೆಯನ್ನು ಮೊಟಕು ಮಾಡಿರುವ ಸಾಧ್ಯತೆ ಇರುತ್ತದೆ. ಮೊಟಕು ಮಾಡುವವರು ಮೊದಲು ಕತ್ತರಿ ಇಡುವುದು ವರ್ಣನೆಗೆ, ಅಂದರೆ ಈ ಕಥೆಯ ಜೀವಕ್ಕೆ. ಮೊದಲ ವಾಕ್ಯ ವಿಯೆನ್ನಾ ದಾಟಿದ ಮೇಲೆ, ಬುಡಾಪೆಸ್ಟಿಗೆ ಇನ್ನೂ ಬಹಳ ಮೊದಲು ಎಂದು ಆರಂಭವಾಗಿ, ಎರಡು ಮೂರು ಪುಟ ಬರಿಯ ನದಿಯ ಸ್ವಭಾವವನ್ನೇ ಹೇಳುತ್ತಿದ್ದರೆ ನಿಮ್ಮ ಕೈಯಲ್ಲಿರುವುದು ಸರಿಯಾದ ಪಠ್ಯ. ನೇರವಾಗಿ ಡೇರೆ ಹಾಕುವಲ್ಲಿಗೆ ಜಿಗಿದಿದ್ದರೆ ಅದನ್ನು ಬದಿಗಿಡಿ. ಸಾರಾಂಶ ಹೇಳುವ ವೀಡಿಯೋಗಳ ಗೊಡವೆಯೂ ಬೇಡ. ಹತ್ತು ನಿಮಿಷದ ವೀಡಿಯೋ ಘಟನೆಗಳನ್ನು ಹೇಳಬಲ್ಲದು, ಹೇಳಿ ಮುಗಿಸಿದ ಮೇಲೆ "ಇದರಲ್ಲಿ ಹೆದರುವಂಥದ್ದು ಏನಿತ್ತು?" ಎಂದು ನೀವೇ ಕೇಳುತ್ತೀರಿ.

2. ನಕ್ಷೆ ಹರಡಿಕೊಂಡು ಕುಳಿತುಕೊಳ್ಳಿ

ಕಥೆ ನಡೆಯುವುದು ಡ್ಯಾನ್ಯೂಬ್ ನದಿಯ ಮೇಲೆ. ಜರ್ಮನಿಯ ಕಪ್ಪುಕಾಡಿನ ಸೀಮೆಯಲ್ಲಿ ಹುಟ್ಟಿ ಕಪ್ಪು ಸಮುದ್ರ ಸೇರುವ, ಸುಮಾರು 2,850 ಕಿ.ಮೀ. ಉದ್ದದ ಹೊಳೆ. ಇಬ್ಬರು ಗೆಳೆಯರು ಕಿರುದೋಣಿಯಲ್ಲಿ ಅದರ ಗುಂಟ ಇಳಿದು ಬಂದು, ನದಿಯ ನಡುವಿನ ಒಂದು ದ್ವೀಪದಲ್ಲಿ ಡೇರೆ ಹಾಕುತ್ತಾರೆ. ಒಬ್ಬ ಕಥೆ ಹೇಳುವವನು, ಅವನಿಗೆ ಹೆಸರಿಲ್ಲ. ಇನ್ನೊಬ್ಬನಿಗೂ ಹೆಸರಿಲ್ಲ, ಅವನು ಬರಿಯ 'ಸ್ವೀಡನ್ನಿನವನು'.

ಇಲ್ಲಿ ಊರುಗಳ ಹೆಸರು ಗೊಂದಲ ಮಾಡುತ್ತವೆ. ಕಥೆಯ ಪ್ರೆಸ್‌ಬುರ್ಗ್ ಎಂದರೆ ಇಂದಿನ ಬ್ರಾಟಿಸ್ಲಾವಾ, ಸ್ಲೊವಾಕಿಯಾದ ರಾಜಧಾನಿ. ಕೊಮೊರ್ನ್ ಎಂದರೆ ಈಗ ನದಿಯ ಎರಡು ದಡಗಳಲ್ಲಿ ಎರಡು ದೇಶಗಳಿಗೆ ಹಂಚಿಹೋಗಿರುವ ಊರು: ಆಚೆ ಸ್ಲೊವಾಕಿಯಾದ ಕೊಮಾರ್ನೊ, ಈಚೆ ಹಂಗರಿಯ ಕೊಮಾರೊಮ್. 1907ರಲ್ಲಿ ಇದೆಲ್ಲ ಆಸ್ಟ್ರಿಯಾ-ಹಂಗರಿ ಸಾಮ್ರಾಜ್ಯದ ಒಳಗಿತ್ತು. ಪ್ರೆಸ್‌ಬುರ್ಗ್ ಮತ್ತು ಕೊಮೊರ್ನ್ ನಡುವೆ ನದಿ ತನ್ನ ಮುಖ್ಯ ದಾರಿಯನ್ನು ಮರೆತಂತೆ ನೂರಾರು ಕವಲಾಗಿ ಹರಡಿಕೊಳ್ಳುತ್ತದೆ. ದೊಡ್ಡ ನಕ್ಷೆಗಳಲ್ಲಿ ಆ ಜಾಗಕ್ಕೆ ಮಾಸಲು ನೀಲಿ ಬಣ್ಣ ಬಳಿದು, ಮೇಲೆ ಅಕ್ಷರಗಳನ್ನು ದೂರದೂರ ಚೆಲ್ಲಿ 'ಜ಼್ಯುಂಪ್ಫೆ', ಅಂದರೆ ಜವುಗು, ಎಂದು ಬರೆದಿರುತ್ತದೆ ಎಂದು ಕಥೆಗಾರ ಹೇಳುತ್ತಾನೆ. ಊರಿನ ಹೆಸರಿಲ್ಲ, ರಸ್ತೆಯಿಲ್ಲ, ಬರಿಯ ನೀಲಿ. ನಿಮ್ಮ ಮೊಬೈಲಿನ ನಕ್ಷೆಯಲ್ಲಿ ಆ ಕವಲುಗಳನ್ನು ದೊಡ್ಡದು ಮಾಡಿ ಒಮ್ಮೆ ನೋಡಿಕೊಳ್ಳಿ.

ಆದರೆ ಈಗಿನ ಉಪಗ್ರಹ ಚಿತ್ರವನ್ನು ಪೂರ್ತಿ ನಂಬಬೇಡಿ. 1992ರಲ್ಲಿ ಗಾಬ್ಚಿಕೊವೊ ಅಣೆಕಟ್ಟಿನ ಯೋಜನೆಗಾಗಿ ಅಲ್ಲಿನ ಹರಿವಿನ ಬಹುಪಾಲನ್ನು ಕಾಲುವೆಗೆ ತಿರುಗಿಸಿದರು. ಬ್ಲ್ಯಾಕ್‌ವುಡ್ ಕಂಡ ಹೊಳೆ ಈಗ ಹಾಗೇ ಇಲ್ಲ. ಅವನು ಕಂಡದ್ದಂತೂ ನಿಜ: ಕಿರುದೋಣಿಯಲ್ಲಿ ಡ್ಯಾನ್ಯೂಬ್ ಇಳಿದು ಬಂದು, 1901ರಲ್ಲಿ ಆ ಪಯಣದ ಬಗ್ಗೆ ಪತ್ರಿಕೆಯೊಂದರಲ್ಲಿ ಲೇಖನ ಬರೆದಿದ್ದ. ಕಥೆಯಲ್ಲಿ ನೀರಿನ ಬಗೆಗಿನ ಮಾತೆಲ್ಲ ಇಷ್ಟು ಗಟ್ಟಿಯಾಗಿರುವುದು ಅದಕ್ಕೇ.

ನಕ್ಷೆಗಿಂತ ಒಳ್ಳೆಯ ಉಪಾಯ ನಮ್ಮ ಬಗಲಲ್ಲೇ ಇದೆ. ಮಾನ್‌ಖುರ್ದ್ ದಾಟಿ ವಾಶಿಯ ಸೇತುವೆಗೆ ರೈಲು ಏರುವಾಗ, ಅಥವಾ ಭಾಯಂದರ್ ಬಿಟ್ಟು ನಾಯಗಾಂವ್ ಕಡೆ ಹೋಗುವಾಗ, ಬಾಗಿಲ ಬಳಿಯಿಂದ ಕೆಳಗೆ ನೋಡಿ. ಖಾಡಿಯ, ಅಂದರೆ ಕಡಲ ಹಿನ್ನೀರಿನ, ಅಂಚಿನಲ್ಲಿ ಕಾಂಡ್ಲಾ ಪೊದೆಗಳು ಮೊಣಕಾಲಿನಷ್ಟು ಕೆಸರಿನಲ್ಲಿ ನಿಂತಿರುತ್ತವೆ. ಮರಾಠಿಯವರು ಇದನ್ನೇ ಕಾಂದಳವನ ಎನ್ನುತ್ತಾರೆ. ಎಲ್ಲವೂ ಒಂದೇ ಎತ್ತರ, ಒಂದೇ ಬಣ್ಣ, ಎಣಿಕೆಗೆ ಸಿಗದಷ್ಟು. ಇಳಿತದಲ್ಲಿ ನೋಡಿದ ದಿಬ್ಬ ಸಂಜೆಯ ಉಬ್ಬರದಲ್ಲಿ ಇರುವುದಿಲ್ಲ. ಕಥೆಗೆ ಹೆಸರು ಕೊಟ್ಟ ವಿಲೋ ಪೊದೆ ಬೇರೆ ಜಾತಿ, ಸಿಹಿನೀರಿನ ಗಿಡ. ಆದರೂ ಮನಸ್ಸಿಗೆ ಬೇಕಾದ ಚಿತ್ರ ಇದೇ. ಇನ್ನೂ ಹತ್ತಿರದಿಂದ ನೋಡಬೇಕೆನ್ನುವವರು ಐರೋಲಿಯ ಕಡಲ ಜೀವವೈವಿಧ್ಯ ಕೇಂದ್ರದಿಂದ ಹೊರಡುವ ದೋಣಿಯಲ್ಲಿ ಠಾಣೆ ಖಾಡಿಗೆ ಹೋಗಿಬರಬಹುದು. ಸ್ವಂತವಾಗಿ ಕೆಸರಿಗೆ ಇಳಿಯುವ ಸಾಹಸ ಮಾತ್ರ ಬೇಡ. ಮಳೆಗಾಲದ ದೊಡ್ಡ ಉಬ್ಬರ ನಾಲ್ಕೂವರೆ ಮೀಟರ್ ದಾಟುತ್ತದೆ, ಕಾಲು ಹೂತರೆ ಎಳೆಯಲು ಯಾರೂ ಇರುವುದಿಲ್ಲ.

3. ಯಾವಾಗ, ಎಲ್ಲಿ ಓದಬೇಕು

ಇಂಗ್ಲಿಷಿನಲ್ಲಿ ಇದು ಹೆಚ್ಚುಕಡಿಮೆ ಇಪ್ಪತ್ತು ಸಾವಿರ ಪದಗಳ ನೀಳ್ಗತೆ. ಇಂಗ್ಲಿಷ್ ಕಾದಂಬರಿ ಓದಿ ರೂಢಿ ಇರುವವರಿಗೆ ಎರಡು ಗಂಟೆಯ ಮೇಲೆ, ಉಳಿದವರಿಗೆ ನಾಲ್ಕು ಗಂಟೆ ಬೇಕಾಗುತ್ತದೆ. ಎರಡು ಬೈಠಕ್ಕಿನಲ್ಲಿ ಮುಗಿಸಿ. ಒಂದೇ ಬಾರಿಗೆ ಓದಿದರೆ ಕಣ್ಣು ಸೋತು ನಡುಭಾಗ ತೇಲಿಹೋಗುತ್ತದೆ, ನಾಲ್ಕೈದು ದಿನಕ್ಕೆ ಹಂಚಿದರೆ ಬಿಗಿ ಸಡಿಲುತ್ತದೆ.

ಲೋಕಲ್ ರೈಲಿನಲ್ಲಿ ಓದಬಹುದೇ ಎಂದು ಕೇಳುವವರು ಬಹಳ. ಮೊದಲ ಕಾಲುಭಾಗವನ್ನು ಓದಬಹುದು. ಅದು ಉಲ್ಲಾಸದ ಭಾಗ, ನದಿಯ ಜೊತೆ ಆಟ. ದ್ವೀಪದಲ್ಲಿ ಡೇರೆ ಹಾಕಿದ ಮೇಲಿನದ್ದನ್ನು ಮಾತ್ರ ಮನೆಯಲ್ಲೇ ಓದಿ. ಈ ಕಥೆಯಲ್ಲಿ ಮುಖ್ಯವಾದದ್ದೊಂದು ಸದ್ದು. ಗಾಳಿ ನಿಂತ ಮೇಲೆ ಕಥೆ ಹೇಳುವವನ ಕಿವಿಗೆ ಬೀಳುವಂಥದ್ದು. 'ಅಗಲಾ ಸ್ಟೇಷನ್' ಎಂಬ ಘೋಷಣೆಯ ನಡುವೆ ಅದು ನಿಮ್ಮ ಕಿವಿಗೆ ಬಿದ್ದೀತೇ? ರಾತ್ರಿ ಊಟ ಮುಗಿದು, ಟಿವಿ ಆರಿ, ಮೇಲಿನ ಮನೆಯವರು ಕುರ್ಚಿ ಎಳೆಯುವುದನ್ನು ನಿಲ್ಲಿಸಿದ ಮೇಲೆ ಕೂರುವುದು ಮೇಲು. ದೀಪ ಆರಿಸಿ ಮೊಬೈಲಿನಲ್ಲಿ ಓದುವುದೇನೂ ಬೇಡ. ಅದು ಭಯಕ್ಕಿಂತ ಹೆಚ್ಚಾಗಿ ತಲೆನೋವು ತರುತ್ತದೆ.

4. ಏಳು ಪದ ಗೊತ್ತಿದ್ದರೆ ಸಾಕು

ಪ್ರತಿ ಪದಕ್ಕೂ ನಿಘಂಟು ತೆರೆಯುವುದು ಈ ಕಥೆಯನ್ನು ಕೊಲ್ಲುವ ಅತಿ ಸುಲಭ ವಿಧಾನ. ಬ್ಲ್ಯಾಕ್‌ವುಡ್ ಒಂದೇ ಮಾತನ್ನು ಮೂರು ಬಗೆಯಾಗಿ ಹೇಳುವ ಸ್ವಭಾವದವನು. ಒಂದು ತಪ್ಪಿದರೆ ಇನ್ನೊಂದು ಕೈಹಿಡಿಯುತ್ತದೆ. ಈ ಕೆಲವನ್ನು ಮಾತ್ರ ಮೊದಲೇ ತಿಳಿದಿಟ್ಟುಕೊಳ್ಳಿ.

ಕನೂ ಎಂದರೆ ಇಬ್ಬರು ಕೂರುವ, ಎರಡೂ ತುದಿ ಚೂಪಾದ ಹಗುರ ದೋಣಿ. ಪ್ಯಾಡಲ್ ಎಂದರೆ ಕರಾವಳಿಯವರು ಹೇಳುವ ಹುಟ್ಟು. ಎಡ್ಡಿ ಎಂದರೆ ಸುಳಿ. ಆಟರ್ ಎಂದರೆ ನೀರುನಾಯಿ. ಗಾಂಗ್ ಎಂದರೆ ನಮ್ಮ ದೇವಸ್ಥಾನದ ಜಾಗಟೆ. ಬಡಿದಾಗಿನ ಪೆಟ್ಟನ್ನು ಮರೆತು, ಪೆಟ್ಟಿನ ನಂತರ ಗರ್ಭಗುಡಿಯಲ್ಲಿ ಸುತ್ತುವ ಗುಂಯ್‌ಗುಡುವಿಕೆಯನ್ನು ನೆನೆಸಿಕೊಳ್ಳಿ. ಫನಲ್ ಎಂದರೆ ಆಲಿಕೆ, ಡಬ್ಬದಿಂದ ಶೀಶೆಗೆ ಎಣ್ಣೆ ಸುರಿಯುವಾಗ ಬಾಯಿಗೆ ಇಡುವಂಥದ್ದು. ಈ ಕೊನೆಯ ಪದಕ್ಕೆ ಪೆನ್ಸಿಲಿನಲ್ಲಿ ಗೆರೆ ಎಳೆದಿಡಿ. ದ್ವೀಪದ ಮರಳಿನಲ್ಲಿ ಆಲಿಕೆಯಾಕಾರದ ಕುಳಿಗಳು ಕಾಣುತ್ತವೆ, ಕೆಲವು ಚಹಾದ ಬಟ್ಟಲಿನಷ್ಟು, ಕೆಲವು ದೊಡ್ಡ ಬೋಗುಣಿಯಷ್ಟು. ಊರಿನ ಮನೆಯ ಹಿಂದೆ ಸಡಿಲ ಮಣ್ಣಿನಲ್ಲಿ ಇರುವೆ ಹಿಡಿಯಲು ಹುಳುವೊಂದು ತೋಡುವ ಗುಂಡನೆಯ ಕುಳಿಗಳನ್ನು ನೋಡಿದ್ದೀರಲ್ಲ? ಅದೇ ಆಕಾರ. ಅದರ ಅಂಚಿಗೆ ಬಂದ ಇರುವೆ ಏನೆಂದುಕೊಳ್ಳುತ್ತಿತ್ತೋ ಎಂಬ ಯೋಚನೆ ಬಂದರೆ ತಡೆಯಬೇಡಿ.

ಇನ್ನು ವಿಲೋ. ಕ್ರಿಕೆಟ್ ಬ್ಯಾಟು ಮಾಡುವ ಮರದ ಕುಲ. ಆದರೆ ಇಲ್ಲಿ ದೊಡ್ಡ ಮರವನ್ನು ಊಹಿಸಿಕೊಂಡರೆ ಚಿತ್ರ ಕೆಡುತ್ತದೆ. ಇವು ಮರವೆಂಬ ಗೌರವಕ್ಕೆ ಏರದ ಪೊದೆಗಳು, ಗಟ್ಟಿ ಕಾಂಡವಿಲ್ಲದ, ಹುಲ್ಲಿನಂತೆ ಬಳುಕುವ ಗಿಡಗಳು. ಗಾಳಿ ಬಂದಾಗ ಎಲೆಯ ಹಿಂಬದಿ ಬೆಳ್ಳಗೆ ಹೊಳೆಯುತ್ತದೆ, ಇಡೀ ಬಯಲು ಒಮ್ಮೆಗೇ ಮಗ್ಗುಲು ಬದಲಿಸಿದಂತೆ. ನೆಲವೇ ಅಲೆಯಾದ ಈ ನೋಟವನ್ನು ಮೊದಲ ಪುಟಗಳಲ್ಲೇ ಕೊಟ್ಟಿದ್ದಾನೆ. ಆಗ ಅದು ಚೆಂದದ ವರ್ಣನೆ. ನಲವತ್ತು ಪುಟದ ನಂತರ ಅದೇ ಮಾತು ನೆನಪಾದಾಗ ಚೆಂದ ಎನ್ನಿಸುವುದಿಲ್ಲ.

5. ಮೊದಲ ಕಾಲುಭಾಗವನ್ನು ಸಾಲಗಾರನ ಲೆಕ್ಕದಂತೆ ಓದಿ

ಆರಂಭದಲ್ಲಿ ಏನೂ ನಡೆಯುವುದಿಲ್ಲ ಎಂದು ಹೇಳುವವರು ಇಲ್ಲಿ ಓಡುತ್ತಾರೆ. ನಡೆಯುವುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ.

ಪ್ರೆಸ್‌ಬುರ್ಗಿನ ಅಂಗಡಿಯಲ್ಲಿ ದಿನಸಿ ಕೊಳ್ಳುವಾಗ ಒಬ್ಬ ಹಂಗರಿಯ ಅಧಿಕಾರಿ ಎಚ್ಚರಿಸುತ್ತಾನೆ: ಪ್ರವಾಹ ಇಳಿದರೆ ಎಲ್ಲಿಂದಲೂ ನಲವತ್ತು ಮೈಲಿ ದೂರದ ಒಣದಿಬ್ಬದ ಮೇಲೆ ಸಿಕ್ಕಿಬೀಳುತ್ತೀರಿ, ಅಲ್ಲಿ ಜನವಿಲ್ಲ, ಹೊಲವಿಲ್ಲ, ಮೀನುಗಾರರೂ ಇಲ್ಲ. ಇದು ದಾರಿಯ ಕಷ್ಟದ ಬಗೆಗಿನ ಮಾತು, ದೆವ್ವದ ಮಾತಲ್ಲ. ಗೆಳೆಯರು ಹೆಚ್ಚು ದಿನಸಿ ಕಟ್ಟಿಕೊಂಡು ಮುಂದೆ ಹೋಗುತ್ತಾರೆ.

ದ್ವೀಪಕ್ಕೆ ಬಂದ ಸಂಜೆ ನೀರಿನಲ್ಲಿ ಕಪ್ಪಗಿನದೊಂದು ಹೊರಳುತ್ತಾ ಹೋಗುತ್ತದೆ. ಮನುಷ್ಯನ ಹೆಣವೆಂದು ಕೂಗುತ್ತಾರೆ. ನೋಡಿದರೆ ನೀರುನಾಯಿ. ನಗುತ್ತಾರೆ. ಅದರ ಬೆನ್ನಿಗೇ ದೂರದಲ್ಲಿ ಚಪ್ಪಟೆ ದೋಣಿಯ ಮೇಲೊಬ್ಬ ಮನುಷ್ಯ, ಕೈಬೀಸಿ ಏನೋ ಕೂಗಿ ಹೇಳುತ್ತಾನೆ, ಗಾಳಿಗೆ ಒಂದೂ ಕೇಳಿಸುವುದಿಲ್ಲ. ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡು ಮರೆಯಾಗುತ್ತಾನೆ.

ಇಷ್ಟೇ. ಮೂರಕ್ಕೂ ಸರಳ ವಿವರಣೆ ಇದೆ. ಕಥೆಗಾರ ನಿಮ್ಮಿಂದ ಸಾಲ ಪಡೆಯುತ್ತಿರುವುದು ಇಲ್ಲಿ. ಪುಟದ ಬದಿಯಲ್ಲಿ ಈ ಮೂರಕ್ಕೂ ಗುರುತು ಹಾಕಿ ಮುಂದೆ ಹೋಗಿ. ಬಡ್ಡಿಸಮೇತ ತೀರಿಸುತ್ತಾನೆ.

ಇನ್ನೊಂದು ಸಂಗತಿ: ಅವರು ಇಳಿದ ದ್ವೀಪ ಸುಮಾರು ಒಂದು ಎಕರೆಯ ಮರಳುದಿಬ್ಬ, ನೀರಿಗಿಂತ ಎರಡು ಮೂರು ಅಡಿ ಮಾತ್ರ ಮೇಲೆ. ನದಿ ಅದನ್ನು ಅಂಚಿನಿಂದ ತಿನ್ನುತ್ತಿರುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ಕಟ್ಟಡದ ಮೆಟ್ಟಿಲುಗಳನ್ನು ಎಣಿಸುತ್ತಾ ಕುಳಿತವರಿಗೆ ಈ ಭಾಗವನ್ನು ವಿವರಿಸಬೇಕಾಗಿಲ್ಲ. ಮೂರನೆಯ ಮೆಟ್ಟಿಲು ಮುಳುಗಿತು, ಇನ್ನು ಎಂಟು ಉಳಿದಿವೆ. ಆ ರಾತ್ರಿಯ ಹೆದರಿಕೆಯಲ್ಲಿ ಅಲೌಕಿಕವಾದದ್ದು ಏನೂ ಇರಲಿಲ್ಲ. ಬ್ಲ್ಯಾಕ್‌ವುಡ್ ಕೂಡ ಮೊದಲು ಅದೇ ಹೆದರಿಕೆಯನ್ನು ಕೊಡುತ್ತಾನೆ, ಕಾಲಡಿಯ ನೆಲ ಕರಗುವುದನ್ನು. ಬೇರೆಯದು ಅದರ ಬೆನ್ನೇರಿ ಬರುತ್ತದೆ.

6. ನೋಟ್‌ಪುಸ್ತಕದಲ್ಲಿ ಎರಡು ಕಂಬ

ಡೇರೆ ಹಾಕಿದಲ್ಲಿಂದ ಪುಟದ ನಡುವೆ ಗೆರೆ ಎಳೆದು ಎರಡು ಕಂಬ ಮಾಡಿಕೊಳ್ಳಿ. ಎಡಕ್ಕೆ ನಡೆದದ್ದು, ಬಲಕ್ಕೆ ಅದಕ್ಕೆ ಕಥೆ ಹೇಳುವವನು ಕೊಟ್ಟ ಕಾರಣ. ಶಾಲೆಯ ಅಭ್ಯಾಸದಂತೆ ಕಂಡರೂ ನನಗೆ ಗೊತ್ತಿರುವ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಕೀಲಿಕೈ ಇಲ್ಲ. ನಮ್ಮ ಬಳಗದ ಪುಸ್ತಕದಿಂದ ನಾಲ್ಕು ಸಾಲು ಹೀಗಿವೆ:

ಒಂದು ಹುಟ್ಟು ಕಾಣೆಯಾಗಿದೆ — ಪ್ರವಾಹದಲ್ಲಿ ತೇಲಿಹೋಗಿರಬೇಕು.
ದೋಣಿಯ ತಳದಲ್ಲಿ ಉದ್ದನೆಯ ಸೀಳು — ದಡಕ್ಕೆ ಬರುವಾಗ ಕಲ್ಲು ತಾಗಿರಬೇಕು.
ಉಳಿದ ಹುಟ್ಟನ್ನು ಯಾರೋ ಅರದಿಂದ ಉಜ್ಜಿದಂತೆ ತೆಳ್ಳಗೆ ಮಾಡಿದ್ದಾರೆ — ಗಾಳಿಗೆ ಹಾರಿದ ಮರಳು ಉಜ್ಜಿರಬೇಕು.
ಚೀಲದಲ್ಲಿ ರೊಟ್ಟಿ ಇಲ್ಲ — ಪ್ರೆಸ್‌ಬುರ್ಗಿನಲ್ಲಿ ಕೊಳ್ಳಲು ಮರೆತೆನೇನೋ.

ಎಡಗಡೆಯ ಸಾಲುಗಳು ಒಂದೊಂದೂ ಪುಟ್ಟವು. ಬಲಗಡೆಯವು ಒಂದೊಂದೂ ನಂಬುವಂಥವು. ಆದರೆ ಎಂಟು ಹತ್ತು ಸಾಲಾದ ಮೇಲೆ ಬಲಗಂಬವನ್ನು ಮಾತ್ರ ಮೇಲಿನಿಂದ ಕೆಳಕ್ಕೆ ಓದಿ ನೋಡಿ. 'ಇರಬೇಕು', 'ಇರಬೇಕು', 'ಏನೋ'. ಒಬ್ಬ ಮನುಷ್ಯ ತನ್ನ ಬುದ್ಧಿಯನ್ನು ಉಳಿಸಿಕೊಳ್ಳಲು ಪಡುವ ಪಾಡು ಅಲ್ಲಿ ಕಾಣುತ್ತದೆ. ಮೈ ಜುಮ್ಮೆನ್ನುವುದು ಎಡಗಂಬಕ್ಕೆ ಅಲ್ಲ, ಬಲಗಂಬಕ್ಕೆ.

ಇದರ ಜೊತೆ ಸ್ವೀಡನ್ನಿನವನ ಮೇಲೂ ಒಂದು ಕಣ್ಣಿರಲಿ. ಗೆಳೆಯನಿಗೆ ಕಲ್ಪನಾಶಕ್ತಿಯೇ ಇಲ್ಲ, ಅವನು ಗಟ್ಟಿಮನುಷ್ಯ ಎಂದು ಕಥೆ ಹೇಳುವವನು ಮೊದಲು ನೆಮ್ಮದಿ ಪಡುತ್ತಾನೆ. ನಡುವಿನಲ್ಲಿ ಲೆಕ್ಕ ತಿರುಗುತ್ತದೆ. ಗಾಳಿ ನಿಂತ ಮೇಲೆ ಜಾಗಟೆಯಂಥ ಆ ಸದ್ದು ಕಥೆ ಹೇಳುವವನಿಗೆ ಮೊದಲ ಬಾರಿ ಕೇಳುತ್ತದೆ, ಸ್ವೀಡನ್ನಿನವನು ದಿನವಿಡೀ ಕೇಳುತ್ತಲೇ ಇದ್ದನಂತೆ. ಯಾರು ಯಾರನ್ನು ಸಮಾಧಾನಪಡಿಸುತ್ತಿದ್ದಾರೆ ಎಂಬುದು ಅದಲುಬದಲಾಗುವ ಈ ಜಾಗ ನನ್ನ ಲೆಕ್ಕದಲ್ಲಿ ಇಡೀ ಕಥೆಯ ಅತ್ಯುತ್ತಮ ಭಾಗ. ಮೊದಲ ರಾತ್ರಿ ಪೊದೆಗಳ ನಡುವಿನಿಂದ ಆಕಾಶಕ್ಕೆ ಏರುವ ಆಕೃತಿಗಳ ದೃಶ್ಯವನ್ನು ಹೆಚ್ಚಿನವರು ಹೊಗಳುತ್ತಾರೆ. ನನಗೆ ಅದು ತುಸು ಹೆಚ್ಚಾಯಿತೆನ್ನಿಸುತ್ತದೆ. ತೋರಿಸದೆ ಇದ್ದಿದ್ದರೂ ನಡೆಯುತ್ತಿತ್ತು.

7. ಹೆಸರಿಡುವ ಆತುರ ಬೇಡ

ಎರಡು ವರ್ಷದ ಹಿಂದೆ ಕಥೆಯನ್ನು ಕನ್ನಡದಲ್ಲಿ ಹೇಳುತ್ತಿದ್ದಾಗ ಕುಂದಾಪುರ ಕಡೆಯ ಹಿರಿಯರೊಬ್ಬರು ನಡುವೆಯೇ ತಡೆದು, "ಇದರಲ್ಲಿ ಹೊಸತೇನಿದೆ ಮಾರಾಯರೆ, ಜಾಗ ಸರಿಯಿಲ್ಲ, ಅಷ್ಟೆ" ಎಂದರು. ಅದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾನು ಕೇಳಿಲ್ಲ. ನಾಗಬನದ ಪಕ್ಕ ಬೆಳೆದವರಿಗೆ ಕೆಲವು ಜಾಗಗಳು ಮನುಷ್ಯರದ್ದಲ್ಲ ಎಂಬುದು ಪಾಠ ಹೇಳಿಕೊಡದೆ ಗೊತ್ತಿರುತ್ತದೆ. ಅಲ್ಲಿ ಕೊಂಬೆ ಕಡಿಯುವಂತಿಲ್ಲ, ಮೈಲಿಗೆಯಲ್ಲಿ ಹೋಗುವಂತಿಲ್ಲ. ಮುಂಬಯಿಯಲ್ಲಿ ಮೂವತ್ತು ವರ್ಷ ಕಳೆದರೂ ಊರಿಗೆ ಹೋದಾಗ ಅದರ ಮುಂದೆ ದನಿ ತಗ್ಗುತ್ತದೆ. ಈ ಕಥೆ ನಮ್ಮವರಿಗೆ ಲಂಡನ್ನಿನ ಓದುಗರಿಗಿಂತ ಬೇಗ ದಕ್ಕಬೇಕು.

ಆದರೆ ಆ ಹೋಲಿಕೆಯನ್ನು ಕೊನೆಯವರೆಗೆ ಎಳೆಯುವುದೇ ದೊಡ್ಡ ಗುಂಡಿ. ನಾಗನಿಗೆ ತನು, ಅಂದರೆ ಹಾಲು ಎಳನೀರು, ಎರೆದರೆ ಶಾಂತನಾಗುತ್ತಾನೆ. ದೈವಕ್ಕೆ ಕೋಲ ಕೊಟ್ಟರೆ ಅಭಯ ಸಿಗುತ್ತದೆ. ಸಿಟ್ಟಾದರೂ ಅದು ನಮ್ಮ ಮೇಲಿನ ಸಿಟ್ಟು, ನಂಟಸ್ತಿಕೆಯ ಸಿಟ್ಟು. ಸ್ವೀಡನ್ನಿನವನು ಇದನ್ನೇ ಅಲ್ಲಗಳೆಯುತ್ತಾನೆ. ಹಳೆಯ ದೇವತೆಗಳಾಗಿದ್ದರೆ ಅರ್ಥವಾದರೂ ಆಗುತ್ತಿತ್ತು, ಅವರಿಗೆ ಪೂಜೆಯೋ ಬಲಿಯೋ ಬೇಕಿರುತ್ತದೆ. ಇಲ್ಲಿರುವವಕ್ಕೂ ಮನುಷ್ಯರಿಗೂ ಯಾವ ಸಂಬಂಧವೂ ಇಲ್ಲ, ಅವುಗಳ ನೆಲೆ ನಮ್ಮ ನೆಲೆಗೆ ಈ ಜಾಗದಲ್ಲಿ ಆಕಸ್ಮಿಕವಾಗಿ ತಾಗಿದೆ ಎನ್ನುತ್ತಾನೆ. ಹರಕೆ ಹೊರಲು ಯಾರೂ ಇಲ್ಲದ ಜಾಗ. ಆ ಮಾತು ಬಂದ ಪುಟದಲ್ಲಿ ಎರಡು ನಿಮಿಷ ನಿಲ್ಲಿ.

ನಮ್ಮ ಅಲಂಕಾರಶಾಸ್ತ್ರದ ಎರಡು ಪದಗಳು ಇಲ್ಲಿ ಉಪಯೋಗಕ್ಕೆ ಬರುತ್ತವೆ. ಭಾವ ಯಾವುದನ್ನು ಆತುಕೊಂಡು ಹುಟ್ಟುತ್ತದೋ ಅದು ಆಲಂಬನ, ಹುಟ್ಟಿದ ಭಾವವನ್ನು ಕೆರಳಿಸುವ ಸುತ್ತಲಿನ ಸನ್ನಿವೇಶ ಉದ್ದೀಪನ. ಸಾಮಾನ್ಯ ಭೂತದ ಕಥೆಯಲ್ಲಿ ಭೂತ ಆಲಂಬನ, ಕತ್ತಲು ಕಾಡು ಗೂಬೆಯ ಕೂಗು ಉದ್ದೀಪನ. ಬ್ಲ್ಯಾಕ್‌ವುಡ್ ಆಲಂಬನವನ್ನು ತೆಗೆದುಹಾಕಿ ಉದ್ದೀಪನವನ್ನೇ ಅದರ ಪೀಠದ ಮೇಲೆ ಕೂರಿಸಿದ್ದಾನೆ. ಭಯಾನಕದ ಜೊತೆಗೇ ಅದ್ಭುತವನ್ನೂ ಬೆರೆಸಿದ್ದಾನೆ. ಮೊದಲ ರಾತ್ರಿ ಆ ಆಕೃತಿಗಳನ್ನು ಕಂಡವನಿಗೆ ಓಡಿಹೋಗಬೇಕೆನ್ನಿಸುವುದಿಲ್ಲ, ಕೈಮುಗಿಯಬೇಕೆನ್ನಿಸುತ್ತದೆ. ಮುಂಬಯಿಯ ಸಂಜಯ ಗಾಂಧಿ ಉದ್ಯಾನದ ಅಂಚಿನ ಕಟ್ಟಡದಲ್ಲಿ ಚಿರತೆ ಬಂತೆಂದು ಬಾಗಿಲು ಹಾಕಿಕೊಳ್ಳುವ ಹೆದರಿಕೆಗೂ ಇದಕ್ಕೂ ಇರುವ ಅಂತರ ಅದು. ಚಿರತೆಯ ವಿರುದ್ಧ ಬಾಗಿಲು ಹಾಕಬಹುದು, ಡೇರೆಗೆ ಬಾಗಿಲೆಲ್ಲಿದೆ?

"ಹಾಗಾದರೆ ಕೊನೆಗೆ ಅದು ಏನು?" ಎಂದು ಕೇಳಬೇಡಿ, ಕೇಳಿದರೂ ಉತ್ತರಿಸುವವರನ್ನು ನಂಬಬೇಡಿ.

8. ಗುಂಪಿನಲ್ಲಿ ಓದುವವರಿಗೆ

ಇಂಗ್ಲಿಷ್ ಕಷ್ಟವೆನ್ನುವವರು ಗುಂಪಿನಲ್ಲಿದ್ದರೆ ಒಬ್ಬರು ಮನೆಯಲ್ಲಿ ಓದಿಕೊಂಡು ಬಂದು ಕನ್ನಡದಲ್ಲಿ ಹೇಳಿ. ಸಾಲುಸಾಲಿಗೆ ಅನುವಾದ ಮಾಡುತ್ತಾ ಓದುವುದು ಬೇಡ, ತಡವರಿಕೆಯಲ್ಲಿ ಬಿಗಿ ಹೋಗುತ್ತದೆ. ಆದರೆ ಡೇರೆಯ ಮೇಲೆ ಏನೋ ತಟ್ಟುವ ಭಾಗ ಮತ್ತು ಗಾಳಿ ನಿಲ್ಲುವ ಭಾಗ, ಈ ಎರಡನ್ನು ಮಾತ್ರ ಮೂಲದಲ್ಲೇ ಗಟ್ಟಿಯಾಗಿ ಓದಿ. ಅರ್ಥವಾಗದವರಿಗೂ ವಾಕ್ಯದ ಏರಿಳಿತ ಕಿವಿಗೆ ಬೀಳಲಿ. ಬ್ಲ್ಯಾಕ್‌ವುಡ್ ತಾನೇ ಮುಪ್ಪಿನಲ್ಲಿ ಬಿಬಿಸಿಯಲ್ಲಿ ಕಥೆ ಹೇಳಿ ಹೆಸರು ಮಾಡಿದವನು, ಅವನ ವಾಕ್ಯಗಳು ಬಾಯಿಗೆ ಒಗ್ಗುತ್ತವೆ. ಚಹಾ, ಬಟಾಟಾವಡೆ ಎಲ್ಲ ಮೊದಲೇ ಮುಗಿಸಿ. ನಡುವೆ ತಟ್ಟೆ ಸದ್ದಾದರೆ ಕಥೆ ಹೇಳುವವರ ಶ್ರಮವೆಲ್ಲ ನೀರುಪಾಲು. ಮಕ್ಕಳು ಕೂರಬಹುದೇ? ಹತ್ತು ವರ್ಷದವರಿಗೆ ಹೆದರಿಕೆಗಿಂತ ಬೇಸರವೇ ಹೆಚ್ಚು. ಹದಿನಾಲ್ಕು ದಾಟಿದವರು ಕೂರಲಿ.

ಮುಗಿದ ಮೇಲೆ ಕೂಡಲೇ ಎರಡನೆಯ ಬಾರಿ ಪೂರ್ತಿ ಓದುವ ಅಗತ್ಯವಿಲ್ಲ. ಐದನೆಯ ಹಂತದಲ್ಲಿ ಗುರುತು ಹಾಕಿದ ಮೂರು ಜಾಗಗಳಿಗೆ ಮಾತ್ರ ಹಿಂದಿರುಗಿ. ನೀರುನಾಯಿಯ ಸಾಲುಗಳನ್ನು ಈಗ ಮತ್ತೆ ಓದಿದಾಗ ಮೊದಲು ನಕ್ಕವರು ನಗದಿದ್ದರೆ ಓದು ಸರಿಯಾಗಿ ಆಗಿದೆ.

ಇದೇ ದಾರಿಯಲ್ಲಿ ಇನ್ನೊಂದು ಬೇಕೆನ್ನುವವರಿಗೆ ಅದೇ ಲೇಖಕನ 1910ರ 'ದಿ ವೆಂಡಿಗೊ' ಇದೆ. ಕೆನಡಾದ ಉತ್ತರದ ಕಾಡು, ಮೂಸ್ ಎಂಬ ದೊಡ್ಡ ಜಿಂಕೆಯ ಬೇಟೆಗೆ ಹೋದ ಗುಂಪು. ಒಂದು ಎಚ್ಚರಿಕೆ: ವೆಂಡಿಗೊ ಆ ನಾಡಿನ ಮೂಲನಿವಾಸಿಗಳ ನಂಬಿಕೆಯಿಂದ ಬಂದದ್ದು, ಬ್ಲ್ಯಾಕ್‌ವುಡ್ ಅದನ್ನು ತನ್ನ ಅನುಕೂಲಕ್ಕೆ ತಿರುಚಿಕೊಂಡಿದ್ದಾನೆ, ಮೂಲನಿವಾಸಿ ಅಡುಗೆಯವನ ಬಗ್ಗೆ ಆಡಿದ ಮಾತುಗಳು ಇಂದು ಗಂಟಲಲ್ಲಿ ಇಳಿಯುವುದಿಲ್ಲ. ಅದನ್ನು ಗೊತ್ತಿಟ್ಟುಕೊಂಡು ಓದಿ. ನೋಟ್‌ಪುಸ್ತಕ ಅಲ್ಲಿಯೂ ಬೇಕು, ಆದರೆ ಕಂಬಗಳು ಬೇಡ. ಆ ಕಥೆಯಲ್ಲಿ ಎಲ್ಲೆಲ್ಲಿ ವಾಸನೆಯ ಮಾತು ಬರುತ್ತದೋ ಆ ಪುಟದ ಸಂಖ್ಯೆಯನ್ನಷ್ಟೇ ಬರೆಯುತ್ತಾ ಹೋಗಿ.